ಒಂಬತ್ತನೇ ರೂಮಿನ ಕುರ್ಚಿ

"ಮೊದಲು ನೀರು ಕುಡಿಯಿರಿ. ಇಲ್ಲಿ ಬಂದು ಕೂತದ್ದರಿಂದ ನಿಮ್ಮ ಮರ್ಯಾದೆ ಎಲ್ಲಿಗೂ ಹೋಗುವುದಿಲ್ಲ. ಹೆಸರು ಬೇಡ, ಊರು ಬೇಡ. ಟೋಕನ್ ನಂಬರ್ ಸಾಕು."

ಎದುರಿನ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವನು ಕೈಯಲ್ಲಿದ್ದ ಚೀಟಿಯನ್ನು ತಿರುಗಿಸಿ ನೋಡಿದ. ನಲವತ್ತೇಳು.

"ಅದು... ಮೇಡಂ, ನಾನು..."

"ಗಾಬರಿ ಬೇಡ. ಈ ಕುರ್ಚಿಯಲ್ಲಿ ಕೂತವರೆಲ್ಲ 'ಅದು ಮೇಡಂ' ಅಂತಲೇ ಶುರು ಮಾಡುವುದು!"

ಭವ್ಯಶ್ರೀ ನಕ್ಕಳು. ನಗು ಅವಳ ಕೆಲಸದ ಅರ್ಧ ಭಾಗ. ಮಂಗಳೂರಿನ ಆ ಆಸ್ಪತ್ರೆಯ ಹಿಂಬದಿಯ ಕಾರಿಡಾರಿನ ಕೊನೆಯಲ್ಲಿದ್ದ ಒಂಬತ್ತನೇ ರೂಮಿನಲ್ಲಿ ಅವಳು ಆಪ್ತಸಮಾಲೋಚಕಿ. ಬಾಗಿಲಿಗೆ ಬರೀ ನಂಬರ್, ಬೋರ್ಡ್ ಇಲ್ಲ. 'ಲೈಂಗಿಕ ರೋಗ' ಎಂದು ಬರೆದರೆ ಜನ ಆ ಕಾರಿಡಾರಿಗೇ ಕಾಲಿಡುವುದಿಲ್ಲವಲ್ಲ!

ಅವಳು ಚಿತ್ರಗಳ ದೊಡ್ಡ ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿದಳು.

"ನೋಡಿ, ಈ ರೋಗಗಳಲ್ಲಿ ಹೆಚ್ಚಿನವು ಹೊರಗೆ ಕಾಣುವುದೇ ಇಲ್ಲ. ಮನುಷ್ಯ ಗಟ್ಟಿಮುಟ್ಟಾಗಿ ಇರ್ತಾನೆ, ರೋಗ ಒಳಗೆ ಇರ್ತದೆ. ಸಿಫಿಲಿಸ್‌ನಲ್ಲಿ ಒಂದು ಹುಣ್ಣು ಆಗ್ತದೆ, ನೋವೇ ಇರುವುದಿಲ್ಲ. ಆದರೆ ಅದಕ್ಕೆ ಇಂಜೆಕ್ಷನ್ ಉಂಟು, ಪೂರ್ತಿ ಗುಣ ಆಗ್ತದೆ. ಎಚ್‌ಐವಿ ಇದ್ದರೂ ದಿನಾ ಮಾತ್ರೆ ತಗೊಂಡ್ರೆ ಎಲ್ಲರ ಹಾಗೆ ಬದುಕಬಹುದು. ಒಂದೇ ಒಂದು ವಿಷಯ... ನಿಮ್ಮ ಹೆಂಡತಿಯನ್ನೂ ಕರ್ಕೊಂಡು ಬರಬೇಕು."

"ನನಗೆ ಮದುವೆ ಆಗಿಲ್ಲ ಮೇಡಂ."

"ಆಗದಿದ್ದರೂ ಜೊತೆಗೆ ಯಾರು ಇದ್ದಾರೋ ಅವರನ್ನು." ಅವಳು ಡ್ರಾವರ್ ಎಳೆದು ಮರದ ಮಾದರಿಯನ್ನು ತೆಗೆದಿಟ್ಟಳು. ನಿರೋಧ್ ಪ್ಯಾಕೆಟ್ ಹರಿದಳು. "ಇದನ್ನು ಹಾಕುವುದು ಹೇಗೆ ಅಂತ ಹತ್ತರಲ್ಲಿ ಎಂಟು ಜನಕ್ಕೆ ಗೊತ್ತಿಲ್ಲ. ನೋಡ್ಕೊಳ್ಳಿ."

ಅವನ ಕಿವಿ ಎರಡೂ ಕೆಂಪಾದವು. ಹಣೆಯ ಬೆವರು ಮೂಗಿಗೆ ಇಳಿಯಿತು. ಆದರೂ ಎದ್ದು ಹೋಗಲಿಲ್ಲ, ಶಾಲೆಯ ಮಗುವಿನ ಹಾಗೆ ನೋಡುತ್ತ ಕೂತ. ಪಾಪ, ಎಷ್ಟು ಹೆದರಿದ್ದಾನೆ ಎಂದು ಭವ್ಯಶ್ರೀಗೆ ಕರುಣೆ ಬಂತು.

ಅಷ್ಟರಲ್ಲಿ ಪಕ್ಕದ ಲ್ಯಾಬಿನಿಂದ ಟೆಕ್ನೀಷಿಯನ್ ಶಮೀಮಾ ತಲೆ ಹಾಕಿದಳು. "ಭವ್ಯಾ, ಫ್ರಿಜ್ ರಿಪೇರಿಯವನು ಬಂದಿದ್ದಾನೆ ಅಂತ ಗೇಟಿನಿಂದ ಫೋನ್. ಎಲ್ಲಿ ಮಾರಾಯ್ತಿ ಅವನು? ಟೆಸ್ಟ್ ಕಿಟ್ ಎಲ್ಲ ಬಿಸಿ ಆಗ್ತಾ ಉಂಟು!"

ನಲವತ್ತೇಳನೇ ನಂಬರಿನವನು ನಿಧಾನಕ್ಕೆ ಬಗ್ಗಿ, ಕುರ್ಚಿಯ ಕೆಳಗಿನಿಂದ ಟೂಲ್ ಬಾಕ್ಸ್ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ಅದನ್ನೇ ಹೇಳ್ಲಿಕ್ಕೆ ನೋಡ್ತಾ ಇದ್ದೆ ಮೇಡಂ. ಲ್ಯಾಬು ಒಂಬತ್ತರ ಪಕ್ಕ ಅಂದಿದ್ರು, ಒಂಬತ್ತನೇ ರೂಮು ಎಲ್ಲಿ ಅಂತ ಕೇಳಿದ್ದು ಅಷ್ಟೆ. ಕಾರಿಡಾರಿನ ಸೆಕ್ಯೂರಿಟಿಯವರು ಎಂತಕ್ಕೆ ಅಂತಲೂ ಕೇಳಲಿಲ್ಲ, ಬೆನ್ನು ತಟ್ಟಿ ಟೋಕನ್ ಕೊಟ್ಟರು!"

ಅಯ್ಯೋ ದೇವರೇ!

ಭವ್ಯಶ್ರೀಯ ಕೈಯಲ್ಲಿ ಇನ್ನೂ ಮರದ ಮಾದರಿ ಇತ್ತು. ಅದನ್ನು ಎಲ್ಲಿ ಇಡುವುದು ಎಂದು ತಿಳಿಯದೆ ಸೆರಗಿನ ಹಿಂದೆ ಅಡಗಿಸಿದಳು. ಶಮೀಮಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು.

ಅವನ ಹೆಸರು ಹಿತೇಶ್. ಕಂಕನಾಡಿಯಲ್ಲಿ ಫ್ರಿಜ್, ಎಸಿ ರಿಪೇರಿಯ ಸಣ್ಣ ಅಂಗಡಿ. ಅರ್ಧ ಗಂಟೆಯಲ್ಲಿ ಫ್ರಿಜ್ ಸರಿ ಮಾಡಿ ಹೊರಟವನು ಬಾಗಿಲ ಬಳಿ ನಿಂತ.

"ಮೇಡಂ, ಒಂದು ಸಂಶಯ. ಆ ಹುಣ್ಣು ತನ್ನಷ್ಟಕ್ಕೆ ಮಾಯ ಆದರೆ... ರೋಗ ಹೋದ ಹಾಗೆ ಅಲ್ವಾ?"

"ಅಲ್ಲ. ಹುಣ್ಣು ಹೋಗ್ತದೆ, ರೋಗ ಒಳಗೆ ಕೂತಿರ್ತದೆ. ಎಷ್ಟೋ ವರ್ಷ."

"ಓ..." ಅವನ ನಗು ಅಲ್ಲಿಗೇ ನಿಂತಿತು. ಭವ್ಯಶ್ರೀ ಅದನ್ನು ಗಮನಿಸಲಿಲ್ಲ. ಅವಳಿಗೆ ತನ್ನ ನಾಚಿಕೆಯೇ ಸಾಕಾಗಿತ್ತು.

* * *

ಆ ಫ್ರಿಜ್ ಮೊದಲ ದಿನವೇ ಸರಿಯಾಗಿತ್ತು. ಸರಿಯಾಗದೆ ಉಳಿದವನು ಅದನ್ನು ರಿಪೇರಿ ಮಾಡಿದವನು!

ವಾರಕ್ಕೊಮ್ಮೆ ಬರುತ್ತಿದ್ದ. "ಕೂಲಿಂಗ್ ಹೇಗುಂಟು?" ಎಂದು ಕೇಳುತ್ತಿದ್ದ. ಬೆಳಿಗ್ಗೆ ಸಂಜೆ ಫ್ರಿಜ್ಜಿನ ತಾಪಮಾನ ಬರೆಯುವ ಪುಸ್ತಕವನ್ನು ಗಂಭೀರವಾಗಿ ಓದುತ್ತಿದ್ದ. ಭವ್ಯಶ್ರೀ ಅವನನ್ನು 'ನಲವತ್ತೇಳು' ಎಂದು ಕರೆಯತೊಡಗಿದಳು. ಅವನು ಬರುವ ದಿನ ಅವಳು ಕನ್ನಡಿ ಎರಡು ಸಲ ನೋಡುತ್ತಿದ್ದಳು, ಹಾಗೆ ನೋಡಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

'ಬೇಡ ಭವ್ಯಾ... ಬೇಡ. ನಿನಗೆ ಇದೆಲ್ಲ ಆಗಿ ಹೋಗಿದೆ.'

ಆಗಿ ಹೋದದ್ದು ಏನು? ಅದನ್ನು ಈಗಲೇ ಹೇಳಿಬಿಡುತ್ತೇನೆ. ಅವಳ ಹಾಗೆ ಮುಚ್ಚಿಟ್ಟುಕೊಂಡು ಒದ್ದಾಡುವುದು ನನ್ನಿಂದ ಆಗದು.

ಇಪ್ಪತ್ತನಾಲ್ಕಕ್ಕೆ ಅವಳಿಗೆ ಮದುವೆಯಾಗಿತ್ತು. ಗಂಡ ಮುಖೇಶ್ ದೋಹಾದಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದು ನಲವತ್ತು ದಿನ ಇದ್ದು ಹೋದ. ಅವಳು ಬಸುರಿಯಾದಳು. ಏಳನೇ ತಿಂಗಳಿನಲ್ಲಿ ಮೊದಲ ಬಾರಿಗೆ ರಕ್ತ ಪರೀಕ್ಷೆ ಮಾಡಿಸಿದಾಗ ಸಿಫಿಲಿಸ್ ಎಂದು ಬಂತು. ನರ್ಸಮ್ಮ ಹೊರಗೆ ಕೂತಿದ್ದ ಎಲ್ಲರಿಗೂ ಕೇಳುವ ಹಾಗೆ, "ಗಂಡ ಒಬ್ಬನೇ ಅಲ್ವಾ?" ಎಂದು ಕೇಳಿದಳು. ಫೋನಿನಲ್ಲಿ ಮುಖೇಶ್, "ನನಗೆ ಎಂತದೂ ಇಲ್ಲ, ನಿನಗೆ ಎಲ್ಲಿಂದ ಬಂತು ಅಂತ ನಿನ್ನ ಮನೆಯವರಿಗೇ ಹೇಳು" ಎಂದ. ಅವನು ಪರೀಕ್ಷೆ ಮಾಡಿಸಲೇ ಇಲ್ಲ. ಎರಡನೇ ಇಂಜೆಕ್ಷನ್ ಕೊಡುವ ಮೊದಲೇ ಮಗು ಉಸಿರಿಲ್ಲದೆ ಹುಟ್ಟಿತು. ಹೆಣ್ಣು.

ಮೂರು ಇಂಜೆಕ್ಷನ್ ಮುಗಿಯಿತು. ಅವಳು ಪೂರ್ತಿ ಗುಣವಾದಳು. ಮದುವೆ ಮಾತ್ರ ಗುಣವಾಗಲಿಲ್ಲ, ಕೋರ್ಟಿನಲ್ಲಿ ಮುಗಿಯಿತು. ಮುಗಿದದ್ದೇಕೆ ಎಂದು ಅವಳನ್ನೂ ಅವಳ ತಾಯಿ ಸುಂದರಿಯನ್ನೂ ಬಿಟ್ಟು ಊರಲ್ಲಿ ಯಾರಿಗೂ ತಿಳಿಯದು. 'ಹೊಂದಾಣಿಕೆ ಆಗಲಿಲ್ಲ' ಎಂದು ಹೇಳಿ ಮುಚ್ಚಿದ್ದರು.

ಆಮೇಲೆಯೇ ಅವಳು ಓದಿ ಈ ಕೆಲಸಕ್ಕೆ ಸೇರಿದ್ದು. ಆ ದಿನ ಒಬ್ಬರಾದರೂ ತನಗೊಂದು ಲೋಟ ನೀರು ಕೊಟ್ಟು, 'ಮರ್ಯಾದೆ ಹೋಗುವುದಿಲ್ಲ' ಎಂದಿದ್ದರೆ! ಯಾರೂ ಹೇಳದ ಆ ಮಾತನ್ನು ಅವಳು ನಾಲ್ಕು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದಾಳೆ.

* * *

ಉಳ್ಳಾಲದ ಮೀನುಗಾರರ ಸಂಘದವರು ಆದಿತ್ಯವಾರ ಒಂದು ಮಾಹಿತಿ ಕಾರ್ಯಕ್ರಮ ಇಟ್ಟಿದ್ದರು. ಮೈಕ್ ಕೈಕೊಟ್ಟಿತು. ಶಮೀಮಾ ಯಾರಿಗೆ ಫೋನ್ ಮಾಡಿದಳೋ, ಮುಕ್ಕಾಲು ಗಂಟೆಯಲ್ಲಿ ಹಿತೇಶ್ ಸ್ಪೀಕರ್ ಹೊತ್ತುಕೊಂಡು ಹಾಜರ್!

ಭವ್ಯಶ್ರೀ ಚೆನ್ನಾಗಿ ಮಾತಾಡಿದಳು. ಕೊನೆಗೆ ಮೀನು ಮಾರುವ ಹೆಂಗಸೊಬ್ಬಳು ಎದ್ದು ನಿಂತಳು.

"ಟೀಚರೇ, ಮದುವೆಗೆ ಮುಂಚೆ ಹುಡುಗನ ರಕ್ತ ಟೆಸ್ಟ್ ಮಾಡಿಸಿ ಅಂತ ಹೇಗೆ ಕೇಳುವುದು? ಸಂಬಂಧ ಮುರಿದು ಹೋಗ್ಲಿಕ್ಕಿಲ್ವಾ?"

"ಹುಡುಗನದ್ದು ಮಾತ್ರ ಅಲ್ಲ ಅಕ್ಕಾ, ಹುಡುಗಿಯದ್ದೂ! ಇಬ್ಬರೂ ಒಟ್ಟಿಗೆ ಕೊಡಬೇಕು. ಜಾತಕ ನೋಡ್ಲಿಕ್ಕೆ ನಾಚಿಕೆ ಇಲ್ಲ, ರಕ್ತ ನೋಡ್ಲಿಕ್ಕೆ ಎಂತ ನಾಚಿಕೆ? ನಿಜ ಕೇಳಿ ಮುರಿಯುವ ಸಂಬಂಧ ಮುರಿಯಲಿ ಬಿಡಿ!"

ಚಪ್ಪಾಳೆ ಬಿತ್ತು. ಸ್ಪೀಕರಿನ ಪಕ್ಕ ನಿಂತಿದ್ದ ಹಿತೇಶ್ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ಕಡಲತಡಿಯ ಕಲ್ಲುಗಳ ಹತ್ತಿರ ನಿಂತರು. ಬಿಸಿಲು ಇಳಿಯುತ್ತಿತ್ತು. ಅವನು ವಯರನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಭವ್ಯಾ ಮೇಡಂ... ನನಗೆ ಮೂವತ್ತಾರು. ಮನೆಯಲ್ಲಿ ಅಮ್ಮ, ನಾನು. ಹೆಚ್ಚು ಮಾತಾಡ್ಲಿಕ್ಕೆ ಬರುವುದಿಲ್ಲ. ನೀವು ನನ್ನನ್ನು ಮದುವೆ ಆಗ್ತೀರಾ?"

ಎಷ್ಟು ವರ್ಷವಾಯಿತು, ಅವಳಿಗೆ ಇಂಥ ಖುಷಿಯಾಗದೆ!

"ನನಗೆ ಒಂದು ಮದುವೆ ಆಗಿ ಮುರಿದಿದೆ."

"ಗೊತ್ತುಂಟು. ಶಮೀಮಾ ಹೇಳಿದ್ದಾರೆ."

"ಯಾಕೆ ಮುರಿಯಿತು ಅಂತ?"

"ಅದು ಗೊತ್ತಿಲ್ಲ. ನಿಮಗೆ ಹೇಳ್ಬೇಕು ಅಂತ ಅನಿಸಿದಾಗ ಹೇಳಿ. ಅರ್ಜೆಂಟ್ ಎಂತದೂ ಇಲ್ಲ."

ಆಗಲೇ ಹೇಳಬೇಕಿತ್ತು! ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು. ಐನೂರು ಜನರ ಮುಂದೆ ಮೈಕಿನಲ್ಲಿ ಹೇಳಿದ ಬಾಯಿಗೆ ಒಬ್ಬನ ಎದುರು ಬೀಗ ಬಿತ್ತು. ಅವಳು ತಲೆಯಾಡಿಸಿ, "ಮನೆಯಲ್ಲಿ ಕೇಳ್ತೇನೆ" ಎಂದಳು ಅಷ್ಟೆ.

* * *

ಎರಡೂ ಮನೆಯವರಿಗೆ ಒಪ್ಪಿಗೆಯಾಯಿತು. ಅವನ ತಾಯಿ ಕಿನ್ನಿಯಕ್ಕ ಮುಂದಿನ ಆದಿತ್ಯವಾರ ಶಕ್ತಿನಗರದ ಇವಳ ಮನೆಗೆ ಬಂದು ಹೂ ಮುಡಿಸಿ ಹೋಗುವುದೆಂದು ಮಾತಾಯಿತು.

ಸೋಮವಾರ ಬೆಳಿಗ್ಗೆ ಹಿತೇಶ್ ಒಂಬತ್ತನೇ ರೂಮಿಗೆ ಬಂದ. ಅಂಗಿಯ ತೋಳು ಮಡಚಿತ್ತು, ಮೊಣಕೈಯ ಒಳಗೆ ಹತ್ತಿ ಅಂಟಿಸಿತ್ತು.

"ಕೊಟ್ಟು ಬಂದೆ!"

"ಎಂತ?"

"ರಕ್ತ. ಶಮೀಮಾ ತೆಗೆದ್ರು. ನೀವೇ ಉಳ್ಳಾಲದಲ್ಲಿ ಹೇಳಿದ್ದಲ್ವಾ, ಇಬ್ಬರೂ ಒಟ್ಟಿಗೆ ಕೊಡಬೇಕು ಅಂತ. ಈಗ ನಿಮ್ಮ ಸರದಿ. ಇಬ್ಬರದ್ದೂ ಒಟ್ಟಿಗೇ ನೋಡುವ."

ಅವನ ನಗುವಿನಲ್ಲಿ ಏನೋ ಬಲವಂತವಿತ್ತು. ನಗುವನ್ನು ನೋಡುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಏಕೆಂದರೆ ಅವಳಿಗೆ ಗೊತ್ತಿತ್ತು. ಸಿಫಿಲಿಸ್ ಗುಣವಾದರೂ ಅದರ ಗುರುತು ರಕ್ತದಲ್ಲಿ ಉಳಿಯುತ್ತದೆ, ಹೆಚ್ಚಿನವರಲ್ಲಿ ಜೀವನಪೂರ್ತಿ. ಶಮೀಮಾಳ ಕಿಟ್ಟಿನಲ್ಲಿ ಒಂದು ಹನಿ ಹಾಕಿದರೆ ಸಾಕು, ಗೆರೆ ಮೂಡುತ್ತದೆ!

"ನನಗೆ... ಇವತ್ತು ತಲೆನೋವು. ಆಮೇಲೆ ಕೊಡ್ತೇನೆ." ಅವಳು ಎದ್ದು ನಿಂತಳು. ಚಿತ್ರದ ಪುಸ್ತಕ ಕೆಳಗೆ ಬಿತ್ತು, ಎತ್ತಲಿಲ್ಲ.

"ಎಂತಾಯ್ತು? ನಾನು ಹೇಳಿದ್ದು ತಪ್ಪಾಯ್ತಾ?"

"ಇಲ್ಲ. ನೀವು ಹೋಗಿ ಹಿತೇಶ್. ಪ್ಲೀಸ್."

ಅವಳು ಮೊದಲ ಬಾರಿಗೆ ಅವನನ್ನು ಹೆಸರು ಹಿಡಿದು ಕರೆದದ್ದು ಹೀಗೆ, ಹೊರಗೆ ಕಳಿಸುವಾಗ.

ಮಧ್ಯಾಹ್ನವೇ ರಜೆ ಹಾಕಿ ಮನೆಗೆ ಬಂದಳು. ಸುಂದರಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಮಗಳ ಮಾತು ಕೇಳಿ ಕೈ ಒರೆಸಿಕೊಂಡು ಹತ್ತಿರ ಬಂದು ಕೂತಳು.

"ಡಾಕ್ಟ್ರು ಗುಣ ಆಯ್ತು ಅಂತ ಹೇಳಿದ್ದಾರಲ್ಲ ಮಗಾ. ಇಲ್ಲದ ರೋಗವನ್ನು ಎಂತಕ್ಕೆ ಹೇಳುವುದು? ಟೆಸ್ಟ್ ಆಯ್ತು, ಎಂತದೂ ಇಲ್ಲ ಅಂತ ಹೇಳಿಬಿಡು. ನಿನ್ನದೇ ರೂಮು, ನಿನ್ನದೇ ಡ್ರಾವರ್. ಯಾರು ನೋಡ್ತಾರೆ?"

"ಅಮ್ಮಾ!"

"ಅಮ್ಮ ಅಂತ ಬೊಬ್ಬೆ ಹಾಕಬೇಡ. ಏಳು ವರ್ಷದ ಹಿಂದೆ ನೀನು ಊಟ ಬಿಟ್ಟು ಕೂತದ್ದನ್ನು ನೋಡಿದವಳು ನಾನು. ಇನ್ನೊಮ್ಮೆ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಅಮ್ಮ ಹೇಳಿದ್ದು ಸುಲಭವಿತ್ತು. ಅಷ್ಟು ಸುಲಭವಿದ್ದುದೇ ಅವಳಿಗೆ ಹೆದರಿಕೆ. ಸುಳ್ಳು ಹೇಳಿದರೆ ಅವನು ಉಳಿಯುತ್ತಾನೆ. ನಿಜ ಹೇಳಿದರೆ? ಮುಖೇಶ್ ಫೋನಿಟ್ಟ ಶಬ್ದ ಅವಳ ಕಿವಿಯಲ್ಲಿ ಇನ್ನೂ ಇತ್ತು...

ಮಂಗಳವಾರ ಹಿತೇಶ್ ಐದು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಬುಧವಾರ ಬೆಳಿಗ್ಗೆ ಎರಡು ಸಲ. ಎತ್ತಲಿಲ್ಲ. ಬುಧವಾರ ಸಂಜೆ ಒಂದು ಮೆಸೇಜ್ ಬಂತು.

'ನನಗೆ ಎಲ್ಲ ಅರ್ಥ ಆಯ್ತು. ಆದಿತ್ಯವಾರ ನಾವು ಬರುವುದಿಲ್ಲ. ಅಮ್ಮನಿಗೆ ಎಂತಾದರೂ ಹೇಳ್ತೇನೆ. ನಿಮ್ಮ ಹೆಸರು ಎಲ್ಲಿಯೂ ಬರ್ಲಿಕ್ಕಿಲ್ಲ. ಕ್ಷಮಿಸಿ.'

ಫೋನ್ ಕೈಯಿಂದ ಜಾರಿತು.

ಅವನಿಗೆ ಗೊತ್ತಾಗಿದೆ! ಯಾರೋ ಹೇಳಿದ್ದಾರೆ. ಹಳೆಯ ನರ್ಸಮ್ಮನೋ, ಮುಖೇಶನ ಕಡೆಯವರೋ... ಎಷ್ಟು ಮರ್ಯಾದೆಯಿಂದ ದೂರವಾಗಿದ್ದಾನೆ ನೋಡಿ, ಒಂದು ಕೆಟ್ಟ ಮಾತಿಲ್ಲ! ಬೈದಿದ್ದರೆ ಅವಳು ಸಿಟ್ಟು ಮಾಡಿಕೊಂಡು ಬದುಕುತ್ತಿದ್ದಳು. ಈ ಒಳ್ಳೆಯತನವನ್ನು ಹೇಗೆ ಸಹಿಸುವುದು?

* * *

ಶುಕ್ರವಾರ ಅವಳು ಕೆಲಸಕ್ಕೆ ಹೋದಳು. ಕಣ್ಣು ಊದಿತ್ತು. ಶಮೀಮಾ ಚಾ ತಂದು ಮುಂದೆ ಇಟ್ಟು ಕೂತಳು.

"ಎಂತ ಜಗಳ ಮಾರಾಯ್ತಿ ನಿಮ್ಮದು? ಬುಧವಾರ ನಿನ್ನ ಜನ ಇಲ್ಲಿಗೆ ಬಂದಿದ್ದ."

ಭವ್ಯಶ್ರೀ ತಲೆ ಎತ್ತಿದಳು. "ಎಂತಕ್ಕೆ?"

"ರಿಪೋರ್ಟಿಗೆ. ಮೇಡಂ ಬರದೆ ಕೊಡುವ ಹಾಗಿಲ್ಲ ಅಂದೆ. ಮೇಡಂ ನೋಡಿದ್ದಾರಾ ಅಂತ ಕೇಳಿದ. ಕವರ್ ಸೋಮವಾರ ಮಧ್ಯಾಹ್ನವೇ ಅವರ ಡ್ರಾವರಿಗೆ ಹಾಕಿದ್ದೇನೆ ಅಂದೆ. ಮತ್ತೆ ಯಾಕೆ ಅವರು ಮಧ್ಯಾಹ್ನವೇ ರಜೆ ಹಾಕಿ ಹೋದದ್ದು ಅಂತ ಕೇಳಿದ. ನನಗೆ ಎಂತ ಗೊತ್ತು? ಅವನ ಮುಖದಲ್ಲಿ ರಕ್ತ ಇರಲಿಲ್ಲ, ಗೋಡೆ ಹಿಡ್ಕೊಂಡು ಹೋದ."

ಒಂದು ಕ್ಷಣ ಭವ್ಯಶ್ರೀಗೆ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲ ಒಮ್ಮೆಗೇ ತಿಳಿಯಿತು.

ಆ ರೂಮಿನ ನಿಯಮ ಅವನಿಗೆ ಗೊತ್ತಿತ್ತು. ರಿಪೋರ್ಟನ್ನು ಫೋನಿನಲ್ಲಿ ಹೇಳುವುದಿಲ್ಲ, ಎದುರು ಕೂರಿಸಿಯೇ ಹೇಳುವುದು. ಅವನು ರಕ್ತ ಕೊಟ್ಟ ದಿನವೇ ಅವಳು ಎದ್ದು ಹೋದಳು. ಫೋನ್ ಎತ್ತಲಿಲ್ಲ. ಮೂರು ದಿನ ಮುಖ ತೋರಿಸಲಿಲ್ಲ. ರಿಪೋರ್ಟ್ ನೋಡಿ ಹೆದರಿ ಓಡಿದಳು ಎಂದು ಅವನು ತಿಳಿದಿದ್ದಾನೆ! ಆ ಮೆಸೇಜು ಅವಳ ರೋಗದ ಬಗ್ಗೆ ಅಲ್ಲ. ತನಗೆ ರೋಗ ಉಂಟೆಂದು ನಂಬಿ, ಅವಳ ದಾರಿಯಿಂದ ತಾನೇ ಸರಿದಿದ್ದಾನೆ.

ಡ್ರಾವರ್ ಎಳೆದಳು. ಕವರ್ ಅಂಟಿಸಿದ ಹಾಗೆಯೇ ಇತ್ತು. ಒಳಗೆ ಏನಿದೆ? ಅವಳಿಗೂ ಗೊತ್ತಿಲ್ಲ. ಅವನಿಲ್ಲದೆ ಒಡೆಯುವ ಹಾಗಿಲ್ಲ. ಒಂದು ವೇಳೆ ನಿಜವಾಗಿಯೂ ಇದ್ದರೆ?

ನಾಲ್ಕು ವರ್ಷದಲ್ಲಿ ನೂರಾರು ಜನರನ್ನು ಹೆದರಿಕೆಯಿಂದ ಎಬ್ಬಿಸಿದವಳು, ತನ್ನವನನ್ನು ನಾಲ್ಕು ದಿನ ಆ ಹೆದರಿಕೆಯಲ್ಲೇ ಕೂಡಿಹಾಕಿದ್ದಳು!

"ಶಮೀಮಾ, ಅರ್ಧ ಗಂಟೆ ನೋಡ್ಕೋ." ಅವಳು ಆಗಲೇ ಕಾರಿಡಾರಿನಲ್ಲಿದ್ದಳು.

ಕಂಕನಾಡಿಯ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದಳು. ಬಾಗಿಲಿಲ್ಲದ ಎರಡು ಫ್ರಿಜ್ಜುಗಳ ನಡುವೆ ಹಿತೇಶ್ ಸ್ಟೂಲಿನ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ಎದ್ದು, ಎರಡು ಹೆಜ್ಜೆ ಹಿಂದೆ ಸರಿದ. ತನ್ನ ಗಾಳಿ ತಾಗಬಾರದು ಎಂಬ ಹಾಗೆ!

"ಹತ್ತಿರ ಕೂತರೆ ಬರುವ ರೋಗ ಅಲ್ಲ ಅಂತ ನಾನು ಹೇಳಿರಲಿಲ್ವಾ?"

"ಯಾವುದು ಅಂತ ಹೇಳಿ ಸಾಕು. ಇಂಜೆಕ್ಷನ್‌ನದ್ದಾ, ದಿನಾ ಮಾತ್ರೆಯದ್ದಾ?"

"ನಾನು ಕವರ್ ಒಡೆದೇ ಇಲ್ಲ ಹಿತೇಶ್."

"ಸುಳ್ಳು ಹೇಳಬೇಡಿ ಮೇಡಂ."

"ನಿಮ್ಮ ಅಮ್ಮನ ಆಣೆಗೂ ಒಡೆದಿಲ್ಲ. ಬನ್ನಿ. ಈಗಲೇ ಬನ್ನಿ. ಅದನ್ನು ರೂಮಿನ ಹೊರಗೆ ತರುವ ಹಾಗಿಲ್ಲ."

ಅವನು ಸ್ಕೂಟರ್ ತೆಗೆದ. ಅವಳು ಮೊದಲ ಸಲ ಅವನ ಹಿಂದೆ ಕೂತಳು. ಸಿಗ್ನಲ್ ಹಸಿರಾದರೂ ಅವನು ಹೊರಡಲಿಲ್ಲ, ಹಿಂದಿನವರು ಹಾರ್ನ್ ಹೊಡೆಯಬೇಕಾಯಿತು.

* * *

ಅದೇ ನೀಲಿ ಕುರ್ಚಿ. ಅವಳು ಬಾಗಿಲು ಹಾಕಿ ಕವರ್ ಮೇಜಿನ ಮೇಲೆ ಇಟ್ಟಳು.

"ಒಡೆಯುವ ಮೊದಲು ನಾನು ಹೇಳ್ತೇನೆ," ಎಂದ ಹಿತೇಶ್. "ಹತ್ತು ವರ್ಷದ ಹಿಂದೆ ಮಸ್ಕತ್‌ನಲ್ಲಿ ಇದ್ದೆ. ರೂಮಿನವರ ಜೊತೆ ಒಮ್ಮೆ... ಒಂದು ಕಡೆ ಹೋಗಿದ್ದೆ. ಆಮೇಲೆ ಒಂದು ಗುಳ್ಳೆ ಆಗಿತ್ತು, ವಾರದಲ್ಲಿ ಹೋಯ್ತು. ನಾನು ಮರೆತೇ ಬಿಟ್ಟಿದ್ದೆ. ಇಲ್ಲಿ ನೀವು ಆ ಚಿತ್ರ ತೋರಿಸಿದ ದಿನದಿಂದ ನಿದ್ದೆ ಇಲ್ಲ. ಉಳ್ಳಾಲದಲ್ಲಿ ಮೊದಲೇ ಹೇಳಬೇಕಿತ್ತು. ಹೇಳದೆ ಮದುವೆ ಕೇಳಿದೆ. ನನ್ನದು ತಪ್ಪು."

ಅವಳು ಕವರ್ ಒಡೆದಳು. ಕಾಗದ ಬಿಡಿಸಿದಳು. ಓದಿದಳು. ಕಣ್ಣು ಮಂಜಾಗಿ ಮತ್ತೊಮ್ಮೆ ಓದಿದಳು.

"ಎಚ್‌ಐವಿ ಇಲ್ಲ. ಸಿಫಿಲಿಸ್ ಇಲ್ಲ. ಅದು ಬರೀ ಗುಳ್ಳೆ. ಎಲ್ಲ ಗುಳ್ಳೆಯೂ ಇದೇ ಆಗಬೇಕಂತ ಇಲ್ಲ."

ಅವನು ಕಾಗದವನ್ನು ತಾನೇ ತೆಗೆದುಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದ. ಆಮೇಲೆ ಮುಖ ಮುಚ್ಚಿಕೊಂಡ. ಬೆರಳುಗಳ ನಡುವಿನಿಂದ ಕೇಳಿದ:

"ಮತ್ತೆ... ನೀವು ಯಾಕೆ ಓಡಿದ್ದು?"

ಈಗ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ.

'ಟೆಸ್ಟ್ ಆಯ್ತು ಅಂತ ಹೇಳಿಬಿಡು...' ಅಮ್ಮನ ದನಿ. ಡ್ರಾವರ್ ತೆರೆದೇ ಇತ್ತು.

ಅವಳು ಡ್ರಾವರ್ ಮುಚ್ಚಿದಳು.

"ಗೆರೆ ಮೂಡುವುದು ನನ್ನ ರಕ್ತದಲ್ಲಿ, ಹಿತೇಶ್."

ಹೇಳಿದಳು. ಮುಖೇಶ್, ನಲವತ್ತು ದಿನದ ರಜೆ, ಏಳನೇ ತಿಂಗಳು, ಹೊರಗೆ ಕೂತವರಿಗೆಲ್ಲ ಕೇಳಿದ ಆ ಪ್ರಶ್ನೆ, ಮೂರು ಇಂಜೆಕ್ಷನ್. ಒಮ್ಮೆಯೂ ಅವನ ಮುಖ ನೋಡಲಿಲ್ಲ, ಮೇಜಿನ ಮೇಲಿನ ಗೀರನ್ನೇ ನೋಡಿದಳು.

"ರೋಗ ಹೋಗಿದೆ. ಡಾಕ್ಟರು ಮತ್ತೆ ಮತ್ತೆ ನೋಡಿ ಹೇಳಿದ್ದಾರೆ. ಗುರುತು ಮಾತ್ರ ಉಂಟು, ಸಣ್ಣದಿರುವಾಗ ಚುಚ್ಚಿದ ಸೂಜಿಯ ಕಲೆ ತೋಳಿನಲ್ಲಿ ಉಳಿಯುತ್ತದಲ್ಲ, ಹಾಗೆ. ಆದರೆ ಇದನ್ನು ಕೇಳಿ ಯಾರಿಗೂ..." ಮಾತು ನಿಂತಿತು.

ಪಕ್ಕದ ಲ್ಯಾಬಿನಲ್ಲಿ ಫ್ರಿಜ್ ಗುಂಯ್ ಎನ್ನುತ್ತಿತ್ತು.

ಅವನು ರಿಪೋರ್ಟಿನ ಕಾಗದವನ್ನು ಮಡಚಿ ಮೇಜಿನ ಮೇಲೆ ಇಟ್ಟ. ಅವಳು ಮನಸ್ಸಿನಲ್ಲೇ ಆದಿತ್ಯವಾರಕ್ಕೆ ತಂದಿಟ್ಟ ಸೀರೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು.

"ಒಂದು ಕೇಳಬಹುದಾ? ಸಿಟ್ಟು ಮಾಡಬಾರದು," ಎಂದ. "ನಿಮ್ಮಿಂದ ನನಗೆ ಬರ್ತದಾ?"

"ಇಲ್ಲ."

"ಮುಂದೆ ಮಕ್ಕಳಿಗೆ?"

"ಇಲ್ಲ. ಆದರೂ ಬಸುರಿ ಆದರೆ ಮೊದಲ ತಿಂಗಳಲ್ಲೇ ಡಾಕ್ಟರಿಗೆ ಎಲ್ಲ ಹೇಳಿ ಪರೀಕ್ಷೆ ಮಾಡಿಸಬೇಕು. ಮುಚ್ಚಿಡಬಾರದು."

"ಹ್ಞೂಂ." ಅವನು ಕೇಳಿದ, "ಆ ಮಗುವಿಗೆ... ಹೆಸರು ಇಟ್ಟಿದ್ರಾ?"

ಭವ್ಯಶ್ರೀ ಥಟ್ಟನೆ ತಲೆ ಎತ್ತಿದಳು. ಏಳು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅಮ್ಮ ಕೂಡ!

"ಮೋಕ್ಷಾ," ಎಂದಳು. "ಮನಸ್ಸಿನಲ್ಲೇ ಇಟ್ಟದ್ದು. ಕರೆಯಲಿಕ್ಕೆ ಆಗಲಿಲ್ಲ."

"ಮೋಕ್ಷಾ," ಎಂದ ಅವನು, ಮೆಲ್ಲಗೆ.

ಅಷ್ಟು ಸಾಕಾಯಿತು. ಅವಳು ಮೇಜಿಗೆ ತಲೆಯಿಟ್ಟು ಅತ್ತಳು. ಜೋರಾಗಿ, ಗಂಟಲು ಬಿಟ್ಟು, ಹೊರಗೆ ಕಾರಿಡಾರಿನಲ್ಲಿ ಕೂತವರಿಗೆ ಕೇಳಿದರೆ ಕೇಳಲಿ ಎಂದು ಅತ್ತಳು.

ಕುರ್ಚಿ ಸರಿದ ಸದ್ದಾಯಿತು. ಬಾಗಿಲು ತೆರೆಯಿತು, ಮುಚ್ಚಿತು.

ಹೋದ!

ಅವಳು ಕಣ್ಣು ಒರೆಸಿಕೊಳ್ಳಲಿಲ್ಲ. ಹೋಗಲಿ. ನಿಜ ಹೇಳಿ ಕಳೆದುಕೊಂಡೆ, ಸುಳ್ಳು ಹೇಳಿ ಇಟ್ಟುಕೊಳ್ಳಲಿಲ್ಲ. ಹಾಗೆಂದುಕೊಂಡರೂ ಎದೆ ಉರಿಯುವುದು ನಿಲ್ಲಲಿಲ್ಲ.

ಬಾಗಿಲು ಮತ್ತೆ ತೆರೆಯಿತು. ಹಿತೇಶನ ಕೈಯಲ್ಲಿ ನೀರಿನ ಒಂದು ಸ್ಟೀಲ್ ಲೋಟ. ಕಾರಿಡಾರಿನ ಫಿಲ್ಟರಿನಿಂದ ಹಿಡಿದುಕೊಂಡು ಬರುವಾಗ ಅರ್ಧ ಅಂಗಿಗೇ ಚೆಲ್ಲಿತ್ತು.

"ಏಳಿ," ಎಂದ.

"ಎಂತಕ್ಕೆ?"

"ಏಳಿ ಮಾರಾಯ್ರೆ. ಆ ಕುರ್ಚಿ ಬಿಡಿ. ಇಲ್ಲಿ ಬಂದು ಕೂತ್ಕೊಳ್ಳಿ."

ಅವಳನ್ನು ನೀಲಿ ಕುರ್ಚಿಯಲ್ಲಿ ಕೂರಿಸಿ, ಮೇಜು ಸುತ್ತಿ ಹೋಗಿ ಅವಳ ಜಾಗದಲ್ಲಿ ಕೂತ. ಚಿತ್ರದ ಪುಸ್ತಕವನ್ನು ಪಕ್ಕಕ್ಕೆ ಸರಿಸಿದ. ಲೋಟವನ್ನು ಅವಳ ಮುಂದೆ ಇಟ್ಟ. ಅವನ ಕಿವಿ ಮೊದಲ ದಿನದ ಹಾಗೆಯೇ ಕೆಂಪಾಗಿತ್ತು. ಆದರೂ ಒಂದು ಶಬ್ದವನ್ನೂ ಬಿಡದೆ ಹೇಳಿದ.

"ಮೊದಲು ನೀರು ಕುಡಿಯಿರಿ. ಇಲ್ಲಿ ಬಂದು ಕೂತದ್ದರಿಂದ ನಿಮ್ಮ ಮರ್ಯಾದೆ ಎಲ್ಲಿಗೂ ಹೋಗುವುದಿಲ್ಲ."

ಅವಳು ಲೋಟ ಎತ್ತಿದಳು. ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಪೂರ್ತಿ ಕುಡಿದಳು.

"ಆದಿತ್ಯವಾರ ಅಮ್ಮನನ್ನು ಎಷ್ಟು ಗಂಟೆಗೆ ಕರ್ಕೊಂಡು ಬರ್ಲಿ?" ಎಂದು ಕೇಳಿದ ಹಿತೇಶ್.

"ಹತ್ತು ಗಂಟೆಗೆ." ಮೂಗು ಒರೆಸಿಕೊಂಡಳು. "ಅವರಿಗೆ ಹೇಳ್ತೀರಾ? ನನ್ನ ವಿಷಯ?"

"ಅದು ನಿಮ್ಮದು. ಹೇಳಬೇಕಾ ಬೇಡ್ವಾ ಅಂತ ನೀವೇ ನೋಡಿ. ಹೇಳುವುದಾದರೆ ನಾನು ಪಕ್ಕದಲ್ಲಿ ಕೂತಿರ್ತೇನೆ, ಲೋಟ ಹಿಡ್ಕೊಂಡು."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಮಸ್ಕತ್‌ನದ್ದು ಅಮ್ಮನಿಗೆ ಯಾರು ಹೇಳುವುದು?"

"ಅಯ್ಯೋ, ಅದು ಬೇಡ! ಅಮ್ಮ ಪೊರಕೆ ತೆಗೀತಾರೆ."

ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು, ಬಹಳ ಮೆಲ್ಲಗೆ. ಒಂಬತ್ತನೇ ರೂಮಿನ ಬಾಗಿಲನ್ನು ಎಲ್ಲರೂ ಹಾಗೆಯೇ ತಟ್ಟುತ್ತಾರೆ.

"ನಿಮ್ಮ ಟೋಕನ್ ಬಂತು ಕಾಣ್ತದೆ," ಎಂದು ಹಿತೇಶ್ ಎದ್ದು ಕುರ್ಚಿ ಬಿಟ್ಟುಕೊಟ್ಟ. "ನಾನು ಹೊರಗೆ ಕಾಯ್ತೇನೆ. ನೀವು ಮುಗಿಸಿ ಬನ್ನಿ."

"ತುಂಬ ಹೊತ್ತಾಗಬಹುದು."

"ಆಗ್ಲಿ. ನಾನು ಇಲ್ಲೇ ಇರ್ತೇನೆ ಭವ್ಯಾ."

ಭವ್ಯಶ್ರೀ ಸೆರಗಿನಿಂದ ಮುಖ ಒರೆಸಿಕೊಂಡಳು. ಖಾಲಿ ಲೋಟವನ್ನು ಅವನ ಕೈಗೆ ಕೊಟ್ಟಳು.

"ಹಾಗಾದ್ರೆ ಇದಕ್ಕೆ ನೀರು ತುಂಬಿಸಿ ತನ್ನಿ ಹಿತೇಶ್," ಎಂದಳು. "ಒಳಗೆ ಬರುವವರಿಗೆ ಬೇಕಾಗ್ತದೆ."